ಮಣ್ಣಿನೊಳಗಿನ ಕಣಜ

ನಮ್ಮ ಪಠ್ಯಪುಸ್ತಕಗಳು ಅರಸರ ವಂಶಾವಳಿಗೆ ಪುಟಗಟ್ಟಲೆ ಮೀಸಲಿಡುತ್ತವೆ. ಪ್ರಜೆಗಳು ಏನನ್ನು ಉಂಡರೆಂಬುದಕ್ಕೆ ಒಂದು ಸಾಲೂ ದೊರೆಯುವುದು ಕಷ್ಟ. ದೂರದ ಮೆಕ್ಸಿಕೋದ ಅಜ್ಟೆಕ್ ಜನರು ಸರೋವರದ ಕೆಸರನ್ನು ಪೇರಿಸಿ, 'ಚಿನಾಂಪ'ವೆಂಬ ತೋಟಗಳನ್ನು ನಿರ್ಮಿಸಿ, ಮೆಕ್ಕೆಜೋಳ, ಮೆಣಸಿನಕಾಯಿ ಬೆಳೆದರೆಂದು ಓದಿ ನಾವು ಬೆರಗಾಗುತ್ತೇವೆ. ನಮ್ಮ ಜೋಯಿಡಾ ತಾಲೂಕಿನ ಕುಣಬಿಗಳ ಜಾಣ್ಮೆಯೂ ಅದಕ್ಕೆ ಕಡಿಮೆಯದಲ್ಲ.

ಕುಣಬಿಗಳ ಹಳೆಯ ಬೇಸಾಯ ಕುಮರಿ. ಬೇಸಿಗೆಗೆ ಮೊದಲು ಇಳಿಜಾರಿನ ಕಾಡನ್ನು ಸವರಿ, ಒಣಗಿದ ಮೇಲೆ ಸುಟ್ಟು, ಮಳೆ ಬೀಳುತ್ತಲೇ ಆ ಬೂದಿಯಲ್ಲಿ ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತುತ್ತಿದ್ದರು. ಒಂದೆರಡು ಬೆಳೆಯ ನಂತರ ಆ ನೆಲವನ್ನು ಹಲವು ವರ್ಷ ಕಾಡಿಗೇ ಬಿಟ್ಟುಕೊಡುತ್ತಿದ್ದರು. ಆದರೆ ಬ್ರಿಟಿಷರ ಕಣ್ಣಿಗೆ ಕಂಡದ್ದು ಸಾಗುವಾನಿ ಮಾತ್ರ. ಉತ್ತರ ಕನ್ನಡವು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಶತಮಾನದ ಉತ್ತರಾರ್ಧದಲ್ಲಿ ಅರಣ್ಯ ಕಾನೂನುಗಳು ಬಿಗಿಯಾದಂತೆ ಕುಮರಿಗೆ ಕಡಿವಾಣ ಬಿದ್ದಿತು. ಅಜ್ಜ ಮಾಡುತ್ತಿದ್ದ ಬೇಸಾಯ ಮೊಮ್ಮಗನಿಗೆ ಅಪರಾಧವಾಯಿತು.

ಆಗ ಕೈಹಿಡಿದದ್ದು ಗೆಡ್ಡೆ-ಗೆಣಸು. ಕೆಸುವಿನ ಜಾತಿಯ ಮುಡ್ಲಿ, ಕೋನ, ಮುಳ್ಳುಬಳ್ಳಿಯ ಕಾಟೆ ಕಣಗ ಇವೆಲ್ಲ ಮನೆಯ ಹಿತ್ತಲಿನಲ್ಲೇ ಬೆಳೆಯುತ್ತವೆ. ಭತ್ತಕ್ಕೆ ಕಣಜ ಬೇಕು. ಗೆಡ್ಡೆಗೆ ಮಣ್ಣೇ ಕಣಜ, ಬೇಕಾದಾಗ ಅಗೆದುಕೊಂಡರಾಯಿತು. ಕಾಡಿನ ಕೆಂಪಿರುವೆ ಇವರಲ್ಲಿ ಚಟ್ನಿಯಾಗುತ್ತದೆ. ಅದನ್ನು ಕೇಳಿ ಮೂಗು ಮುರಿಯುವವರು ಅಜ್ಟೆಕ್ ಜನರೂ ಕೀಟಗಳನ್ನು ತಿನ್ನುತ್ತಿದ್ದರೆಂಬುದನ್ನು ನೆನೆಯಲಿ. ಆ ಚಟ್ನಿಗೆ ಖಾರ ಕೊಡುವ ಮೆಣಸಿನಕಾಯಿಯಾದರೂ ಅಮೆರಿಕ ಖಂಡದ್ದೇ! ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ವ್ಯಾಪಾರದ ಹಾದಿಯಲ್ಲಿ ಅದು ನಮ್ಮ ಅಡುಗೆಮನೆಗೆ ಬಂದಿತು.

ಎರಡನೆಯ ಪೆಟ್ಟು ಬಿದ್ದದ್ದು ಸ್ವತಂತ್ರ ಭಾರತದಲ್ಲಿ. ಕಾಳಿ ನದಿಗೆ ೧೦೧ ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು. ಕಾಳಿ-ಪಾಂಡರಿ ಸಂಗಮದ ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ೧೯೮೦ರ ದಶಕದಲ್ಲಿ ಮುಳುಗಿದವು. ನಿರಾಶ್ರಿತರು ನೆಲೆಗೊಂಡ ಊರೇ ನಮ್ಮ ರಾಮನಗರ. ಮನೆಗೆ, ಗದ್ದೆಗೆ ಬೆಲೆ ಕಟ್ಟಬಹುದು. ಯಾವ ತಿಂಗಳಲ್ಲಿ ಕಾಡಿನ ಯಾವ ಮೂಲೆಯಲ್ಲಿ ಏನು ದೊರೆಯುತ್ತದೆಂಬ ಅರಿವಿಗೆ ಪರಿಹಾರವನ್ನು ಯಾರು ಕೊಟ್ಟಾರು?

ಆ ಅರಿವು ಇನ್ನೂ ಪೂರ್ತಿ ಅಳಿದಿಲ್ಲವೆಂಬುದೇ ಸಮಾಧಾನ. ಇತ್ತೀಚಿನ ವರ್ಷಗಳಲ್ಲಿ ಜೋಯಿಡಾದಲ್ಲಿ ಗೆಡ್ಡೆ-ಗೆಣಸುಗಳ ಮೇಳ ನಡೆಯುತ್ತಿದ್ದು, ಕುಣಬಿ ಹೆಣ್ಣುಮಕ್ಕಳು ತಾವು ಬೆಳೆದ ಬಗೆಬಗೆಯ ಗೆಡ್ಡೆಗಳನ್ನು ತಂದಿಡುತ್ತಾರೆ. ಪ್ರಿಯ ವಿದ್ಯಾರ್ಥಿಗಳೇ, ಊರಿಗೆ ಬಂದಾಗ ಹಿರಿಯರ ಬಳಿ ಕುಳಿತು ಈ ಗೆಡ್ಡೆಗಳ ಹೆಸರು, ನೆಡುವ ಕಾಲ, ಬೇಯಿಸುವ ಕ್ರಮಗಳನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಇತಿಹಾಸದ ಅಧ್ಯಯನ ಅಲ್ಲಿಂದಲೇ ಆರಂಭವಾಗಲಿ.