ನಾಲ್ಕನೇ ಮರದ ಹತ್ತಿರ ಬಿದ್ದ ಹುಡುಗ

ಶಾಲೆಯಲ್ಲಿ ಮೇಷ್ಟ್ರು ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಬತ್ತಿ ಆರುತ್ತದೆ. ಇದನ್ನು ನಾವೆಲ್ಲ 'ಪ್ರಯೋಗ' ಅಂತಲೇ ಕರೆದು ರೂಢಿ. ಆದರೆ ಬತ್ತಿ ಆರುತ್ತದೆ ಅನ್ನೋದು ಮೇಷ್ಟ್ರಿಗೆ ಮೊದಲೇ ಗೊತ್ತು. ಗೊತ್ತಿದ್ದದ್ದನ್ನು ಮಕ್ಕಳಿಗೆ ತೋರಿಸಿದರು, ಅಷ್ಟೆ. ಇದು ಪ್ರಾತ್ಯಕ್ಷಿಕೆ. ಪಾಠಕ್ಕೆ ಇದು ಬೇಕೇ ಬೇಕು. ಪ್ರಯೋಗ ಬೇರೆ. ಅಲ್ಲಿ ನಾವು ನಂಬಿದ್ದು ಸುಳ್ಳಾಗುವುದಕ್ಕೂ ದಾರಿ ಬಿಟ್ಟಿರಬೇಕು.

ಈ ವ್ಯತ್ಯಾಸ ಚೆನ್ನಾಗಿ ಕಾಣುವುದು 1784ರಲ್ಲಿ ಫ್ರಾನ್ಸಿನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ.

ವಿಯೆನ್ನಾದಲ್ಲಿ ವೈದ್ಯನಾಗಿದ್ದ ಫ್ರಾಂಜ್ ಮೆಸ್ಮರ್ 1778ರಲ್ಲಿ ಪ್ಯಾರಿಸ್ಸಿಗೆ ಬಂದ. ಎಲ್ಲ ಜೀವಿಗಳಲ್ಲೂ ಕಣ್ಣಿಗೆ ಕಾಣದ ಒಂದು ಕಾಂತಶಕ್ತಿ ಹರಿಯುತ್ತದೆ, ಅದನ್ನು ಸರಿಪಡಿಸಿದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳಿದ. ನೀರು, ಕಬ್ಬಿಣದ ಪುಡಿ, ಗಾಜಿನ ಬಾಟಲಿ ತುಂಬಿದ ದೊಡ್ಡ ಮರದ ತೊಟ್ಟಿಯ ಸುತ್ತ ರೋಗಿಗಳನ್ನು ಕೂರಿಸುತ್ತಿದ್ದ. ತೊಟ್ಟಿಯಿಂದ ಹೊರಬಂದ ಕಬ್ಬಿಣದ ಸರಳನ್ನು ಅವರು ನೋವಿದ್ದ ಕಡೆ ಒತ್ತಿಕೊಳ್ಳುತ್ತಿದ್ದರು. ಕೆಲವರು ನಡುಗುತ್ತಿದ್ದರು, ಕೆಲವರು ಚೀರಿ ಬೀಳುತ್ತಿದ್ದರು. ಆಮೇಲೆ ಹಗುರಾಯಿತು ಎನ್ನುತ್ತಿದ್ದರು. ಇದನ್ನೆಲ್ಲ ಕಣ್ಣಾರೆ ಕಂಡವರು ನಂಬದೇ ಇರುತ್ತಾರೆಯೇ?

ರಾಜ ಹದಿನಾರನೇ ಲೂಯಿ 1784ರಲ್ಲಿ ತನಿಖೆಗೆ ಒಂದು ಸಮಿತಿ ಮಾಡಿದ. ಅದರಲ್ಲಿ ಸಿಡಿಲು ತಡೆಯುವ ಸರಳು ಕಂಡುಹಿಡಿದ ಬೆಂಜಮಿನ್ ಫ್ರಾಂಕ್ಲಿನ್ ಇದ್ದರು. ಬತ್ತಿ ಉರಿಯಲು ಬೇಕಾದ ಆಮ್ಲಜನಕಕ್ಕೆ ಹೆಸರಿಟ್ಟ ಲವಾಸಿಯೇ ಇದ್ದರು. ಮೆಸ್ಮರ್ ಸಹಕರಿಸಲಿಲ್ಲ. ಅವನ ಶಿಷ್ಯ ವೈದ್ಯ ದೆಸ್ಲೋನ್ ಒಪ್ಪಿಕೊಂಡ.

ಸಮಿತಿಯವರು ತೊಟ್ಟಿಯ ಸುತ್ತ ನಡೆಯುವುದನ್ನು ನೋಡಿ ಅಷ್ಟಕ್ಕೇ ತೀರ್ಮಾನ ಬರೆಯಲಿಲ್ಲ. ರೋಗಿಗೆ ಶಕ್ತಿ ತಾಗಿದ್ದರಿಂದ ಹೀಗಾಯಿತೋ, ತಾಗುತ್ತದೆ ಎಂಬ ನಂಬಿಕೆಯಿಂದಲೇ ಆಯಿತೋ? ಎರಡನ್ನೂ ಬೇರೆ ಮಾಡಬೇಕಿತ್ತು.

ಪ್ಯಾರಿಸ್ ಪಕ್ಕದ ಪಾಸಿಯಲ್ಲಿದ್ದ ಫ್ರಾಂಕ್ಲಿನ್ ಮನೆಯ ತೋಟದಲ್ಲಿ ದೆಸ್ಲೋನ್ ಒಂದು ಏಪ್ರಿಕಾಟ್ ಮರಕ್ಕೆ ಶಕ್ತಿ ತುಂಬಿದ. ಅದನ್ನು ಬೇಗ ಗ್ರಹಿಸುತ್ತಾನೆಂದು ಅವನೇ ಆರಿಸಿ ತಂದಿದ್ದ 12 ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿದರು. ಶಕ್ತಿ ತುಂಬದ ನಾಲ್ಕು ಮರಗಳ ಹತ್ತಿರ ಅವನನ್ನು ಒಂದಾದ ಮೇಲೊಂದರಂತೆ ಕರೆದೊಯ್ದರು. ಮೊದಲ ಮರದಲ್ಲೇ ಬೆವರಿದ, ಕೆಮ್ಮಿದ, ತಲೆನೋವು ಎಂದ. ನಾಲ್ಕನೇ ಮರದ ಹತ್ತಿರ ಜ್ಞಾನ ತಪ್ಪಿ ಬಿದ್ದ. ಶಕ್ತಿ ತುಂಬಿದ ಮರ ಇನ್ನೂ ಸುಮಾರು 24 ಅಡಿ ದೂರ ಇತ್ತು!

ಎಲ್ಲ ಮರಗಳಲ್ಲೂ ಸಹಜವಾಗಿಯೇ ಕಾಂತಶಕ್ತಿ ಇರುತ್ತದೆ ಎಂದ ದೆಸ್ಲೋನ್. ಹಾಗಿದ್ದರೆ ಇಂಥವರು ಯಾವ ತೋಟಕ್ಕೂ ಕಾಲಿಡುವಂತಿಲ್ಲವಲ್ಲ ಎಂದರು ಸಮಿತಿಯವರು.

ಲವಾಸಿಯೇ ಮನೆಯಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಒಬ್ಬ ಹೆಂಗಸಿಗೆ ಬರೀ ಸಾದಾ ಬಟ್ಟಲುಗಳನ್ನು ಒಂದೊಂದಾಗಿ ಕೊಟ್ಟರು. ನಾಲ್ಕನೆಯದಕ್ಕೆ ಆಕೆಗೆ ಮೈ ನಡುಕ ಬಂತು. ಆಮೇಲೆ ನೀರು ಕೇಳಿದಾಗ ಶಕ್ತಿ ತುಂಬಿದ ಬಟ್ಟಲಲ್ಲೇ ಕೊಟ್ಟರು. ಆಕೆ ಸಮಾಧಾನವಾಗಿ ಕುಡಿದಳು.

ರೋಗಿಗಳು ನಾಟಕವಾಡಿದರು ಎಂದು ಸಮಿತಿ ಹೇಳಲಿಲ್ಲ. ನಡುಕ ನಿಜ, ಬಿದ್ದದ್ದೂ ನಿಜ. ಆದರೆ ಅದಕ್ಕೆ ಕಾರಣ ಕಾಂತಶಕ್ತಿಯಲ್ಲ, ಮುಖ್ಯವಾಗಿ ಕಲ್ಪನೆ ಎಂದು ವರದಿ ಕೊಟ್ಟಿತು.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎನ್ನುವ ನಮ್ಮ ಗಾದೆಯೂ ಹೇಳುವುದು ಇದನ್ನೇ. ನಿಮ್ಮೂರಿಗೆ ಹೊಸ ಔಷಧಿಯೋ ಗೊಬ್ಬರವೋ ಹಿಡಿದು ಯಾರಾದರೂ ಬಂದು ಹಚ್ಚಗೆ ಬೆಳೆದ ತಾಕು ತೋರಿಸಿದರೆ, ನೋಡಿ ಸಂತೋಷಪಡಿ. ಜೊತೆಗೆ ಒಂದು ಮಾತು ಕೇಳಿ: "ಅದೇ ಹೊಲದಲ್ಲಿ, ಅದೇ ಬೀಜ ಹಾಕಿ, ಇದನ್ನು ಹಾಕದೆ ಬಿಟ್ಟ ಸಾಲು ಎಲ್ಲಿದೆ, ಸ್ವಾಮಿ?"