ಕಿಂಡಿಯಿಂದ ಓದಬೇಕಾದ ಕಾಗದ

ಕಾರ್ನ್‌ವಾಲೀಸನ ಹೆಸರು ನಮಗೆ ಹೊಸದಲ್ಲ. ೧೭೯೧ರ ಮಾರ್ಚಿನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟೀಪುವಿನ ಅರ್ಧ ರಾಜ್ಯವನ್ನು ಬಿಡಿಸಿಕೊಂಡು, ಅವನ ಇಬ್ಬರು ಮಕ್ಕಳನ್ನು ಒತ್ತೆಯಿರಿಸಿಕೊಂಡವನು. ಅದಕ್ಕೆ ಹತ್ತು ವರ್ಷ ಹಿಂದೆ, ೧೭೮೧ರ ಅಕ್ಟೋಬರ್ ೧೯ರಂದು, ಅಮೆರಿಕದ ಯಾರ್ಕ್‌ಟೌನಿನಲ್ಲಿ ಇದೇ ಮನುಷ್ಯ ತನ್ನ ದಂಡನ್ನೆಲ್ಲ ವಾಷಿಂಗ್ಟನ್ನನಿಗೂ ಅವನ ಫ್ರೆಂಚ್ ಮಿತ್ರರಿಗೂ ಒಪ್ಪಿಸಿಬಿಟ್ಟಿದ್ದ. ಆ ಸೋಲಿನ ಮಸಿ ಮಾತ್ರ ಅವನಿಗಿಂತ ಹೆಚ್ಚಾಗಿ ಮೇಲಧಿಕಾರಿಗೆ ಮೆತ್ತಿಕೊಂಡಿತು. ಆತ ಸರ್ ಹೆನ್ರಿ ಕ್ಲಿಂಟನ್, ೧೭೭೮ರಿಂದ ೧೭೮೨ರವರೆಗೆ ಅಲ್ಲಿಯ ಬ್ರಿಟಿಷ್ ಸೈನ್ಯದ ಮುಖ್ಯ ಸೇನಾಪತಿ.

ಕ್ಲಿಂಟನ್ ಕಾಗದ ಹರಿದೆಸೆಯುವ ಸ್ವಭಾವದವನಲ್ಲ. ಬಂದ ಪತ್ರ, ಕಳಿಸಿದ ಪತ್ರದ ನಕಲು, ಬೇಹುಗಾರರ ಚೀಟಿ, ಎಂಜಿನಿಯರುಗಳು ಕೈಯಿಂದ ಬರೆದು ಬಣ್ಣ ತುಂಬಿದ ನೂರಾರು ನಕ್ಷೆ, ಎಲ್ಲವನ್ನೂ ಕೂಡಿಟ್ಟ. ವಂಶಸ್ಥರ ಬಳಿ ಉಳಿದಿದ್ದ ಈ ರಾಶಿಯನ್ನು ೧೯೨೦ರ ದಶಕದಲ್ಲಿ ವಿಲಿಯಂ ಕ್ಲೆಮೆಂಟ್ಸ್ ಎಂಬಾತ ಕೊಂಡ. ಈಗ ಅದು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ, ಅವನ ಹೆಸರಿನ ಗ್ರಂಥಾಲಯದಲ್ಲಿದೆ. ಸೋತವನ ಕಾಗದ ಗೆದ್ದವರ ನಾಡಿನಲ್ಲೇ ನೆಲೆಸಿತು! ಬೆನೆಡಿಕ್ಟ್ ಆರ್ನಾಲ್ಡ್ ತನ್ನ ದ್ರೋಹಕ್ಕೆ ಬೆಲೆ ಕೇಳಿದ ಪತ್ರವೂ ಅಲ್ಲುಂಟು. ಆ ಕಥೆ ಇನ್ನೊಮ್ಮೆ.

ಆ ರಾಶಿಯೊಳಗಿನ ಒಂದು ಕಾಗದದ ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ನಾನೊಂದು ಸಂಜೆ ಕಳೆದೆ. ೧೭೭೭ರ ಆಗಸ್ಟ್ ೧೦ರಂದು, ಇನ್ನೂ ಎರಡನೆಯ ಅಧಿಕಾರಿಯಾಗಿದ್ದ ಕ್ಲಿಂಟನ್, ಕೆನಡದ ಕಡೆಯಿಂದ ಇಳಿದು ಬರುತ್ತಿದ್ದ ಜನರಲ್ ಬರ್ಗಾಯನ್ನನಿಗೆ ನ್ಯೂಯಾರ್ಕಿನಿಂದ ಬರೆದದ್ದು. ಸುಮ್ಮನೆ ಓದಿದರೆ ಹಿಗ್ಗಿನ ಕಾಗದ: ಸೇನಾಪತಿ ಹೌ ಸಾಹೇಬನ ನಡೆ ಅಮೋಘ, ವಾಷಿಂಗ್ಟನ್ನನದು ತೀರ ಕೆಟ್ಟದ್ದು. ರಟ್ಟಿನಲ್ಲಿ ಡಮರುಗದ ಆಕಾರದ ಕಿಂಡಿ ಕತ್ತರಿಸಿ ಅದರ ಮೇಲಿಟ್ಟೆ. ಅಂಚಿನ ಮಾತುಗಳು ಮರೆಯಾದುವು. ನಡುವೆ ಉಳಿದದ್ದು ಬೇರೆಯೇ: ಹೌ ಸೈನ್ಯದ ಬಹುಭಾಗವನ್ನು ಚೆಸಪೀಕ್ ಕೊಲ್ಲಿಗೆ ಒಯ್ದಿದ್ದಾನೆ, ನಿಮಗೆ ನೆರವಾಗುವಷ್ಟು ದಂಡು ನನ್ನಲ್ಲಿಲ್ಲ, ಈ ಸಮಯದಲ್ಲಿ ಇದಕ್ಕಿಂತ ಕೆಟ್ಟ ನಡೆಯಿಲ್ಲ. ಕಾಗದ ಒಂದು ದಾರಿಯಲ್ಲಿ, ಕಿಂಡಿಯ ಹಾಳೆ ಇನ್ನೊಂದು ದಾರಿಯಲ್ಲಿ ಹೋಗಬೇಕು. ಶತ್ರುವಿಗೆ ಸಿಕ್ಕರೂ ಹೊಗಳಿಕೆಯಷ್ಟೇ ಸಿಕ್ಕೀತು. ಎರಡು ತಿಂಗಳಲ್ಲಿ, ಅಕ್ಟೋಬರ್ ೧೭ರಂದು, ಬರ್ಗಾಯನ್ ಸರಟೋಗದಲ್ಲಿ ಶರಣಾದ.

ಇಷ್ಟು ಮುಂದಾಗಿ ಕೇಡನ್ನು ಕಂಡವನು ಯಾರ್ಕ್‌ಟೌನಿನಲ್ಲಿ ಎಡವಿದ್ದೇಕೆ? ೧೭೮೧ರ ಬೇಸಿಗೆಯ ಅವನ ಆಜ್ಞಾಪತ್ರಗಳಲ್ಲಿ ಉತ್ತರ ಸಿಕ್ಕೀತು. ದಂಡು ಕಳಿಸೆಂದು ಕಾರ್ನ್‌ವಾಲೀಸನಿಗೆ ಒಮ್ಮೆ ಬರೆದರೆ, ಅಲ್ಲೇ ಇರಿಸಿಕೊ ಎಂದು ಇನ್ನೊಮ್ಮೆ. ಕೊನೆಗೆ ನೆರವಿನ ಹಡಗುಗಳು ನ್ಯೂಯಾರ್ಕಿನಿಂದ ಹೊರಟದ್ದು ಶರಣಾಗತಿಯ ದಿನವೇ, ಮುಟ್ಟಿದ್ದು ೨೪ಕ್ಕೆ. ತನ್ನ ಪರ ಸಾಕ್ಷಿಯಾಗಲೆಂದು ಕಾಪಾಡಿದ ಕಾಗದವೇ ಅವನ ವಿರುದ್ಧವೂ ಸಾಕ್ಷಿ ಹೇಳುತ್ತದೆ. ಆದರೂ ತಪ್ಪೆಲ್ಲ ಅವನೊಬ್ಬನದೆನ್ನಲು ನನಗೆ ಮನಸ್ಸೊಪ್ಪದು.

೧೭೮೩ರಲ್ಲಿ ಇಬ್ಬರೂ ಲಂಡನ್ನಿನಲ್ಲಿ ಕಿರುಹೊತ್ತಿಗೆಗಳನ್ನು ಅಚ್ಚು ಹಾಕಿಸಿ ಜಗಳವಾಡಿದರು. ೧೭೮೬ರಲ್ಲಿ ಕಾರ್ನ್‌ವಾಲೀಸ್ ಗವರ್ನರ್ ಜನರಲ್ಲಾಗಿ ಇಂಡಿಯಾಕ್ಕೆ ಬಂದ. ಕ್ಲಿಂಟನ್ ತನ್ನ ಸಮಜಾಯಿಷಿಯನ್ನು ಬರೆಯುತ್ತ ಕುಳಿತ, ೧೭೯೫ರಲ್ಲಿ ತೀರಿಕೊಂಡ. ಅವನ ಆ ದೊಡ್ಡ ಹಸ್ತಪ್ರತಿ ಅಚ್ಚಾದದ್ದು ೧೯೫೪ರಲ್ಲಿ.