ಆಸ್ಟ್ರೇಲಿಯದ ಆದ್ಯ ಪಂಕ್ ಗಾನತಟ್ಟೆಗಳು: ವಿರಳತೆ ಮತ್ತು ಸಂಗ್ರಹ

ಗಾನತಟ್ಟೆಯೊಂದು ವಿರಳವಾಗುವ ಬಗೆ ಎರಡು. ಸಾವಿರಾರು ಸಂಖ್ಯೆಯಲ್ಲಿ ಅಚ್ಚಾದುದು ಕಾಲಕ್ರಮದಲ್ಲಿ ಒಡೆದು, ಸವೆದು, ಅಪೂರ್ವವೆನಿಸಿಕೊಳ್ಳುವುದು ಒಂದು. ಹುಟ್ಟುವಾಗಲೇ ಬೆರಳೆಣಿಕೆಯ ನೂರುಗಳಲ್ಲಿ ಹುಟ್ಟುವುದು ಇನ್ನೊಂದು. 1976ರಿಂದ 1980ರವರೆಗೆ ಆಸ್ಟ್ರೇಲಿಯದ ಪಂಕ್ ಮೇಳಗಳು ಹೊರತಂದ 7 ಅಂಗುಲದ ವಿನೈಲ್ ತಟ್ಟೆಗಳು ಬಹುಮಟ್ಟಿಗೆ ಈ ಎರಡನೆಯ ವರ್ಗಕ್ಕೆ ಸೇರಿದವು. ಇಂದು ಸಂಗ್ರಾಹಕರು ಅವುಗಳಿಗೆ ತೆರುವ ಬೆಲೆಯನ್ನಷ್ಟೇ ಕಂಡವರಿಗೆ ಇದು ಧನಿಕರ ವ್ಯಸನವೆಂದು ತೋರಬಹುದಾದರೂ, ಆ ತಟ್ಟೆಗಳು ಎಲ್ಲಿ, ಎಷ್ಟು, ಯಾರ ದ್ರವ್ಯದಿಂದ ಅಚ್ಚಾದುವೆಂದು ವಿಚಾರಿಸುತ್ತ ಹೋದಂತೆ, ಅವುಗಳ ವಿರಳತೆಯೇ ಒಂದು ಐತಿಹಾಸಿಕ ಸಾಕ್ಷ್ಯವೆಂಬುದು ವಿದಿತವಾಗುತ್ತದೆ.

ಈ ಇತಿಹಾಸದ ಉಗಮವನ್ನು ಕ್ವೀನ್ಸ್‌ಲೆಂಡ್ ರಾಜ್ಯದ ರಾಜಧಾನಿಯಾದ ಬ್ರಿಸ್ಬೇನಿನಲ್ಲಿ ಅರಸಬೇಕು. 1968ರಿಂದ 1987ರವರೆಗೆ ಅಲ್ಲಿ ಪ್ರೀಮಿಯರ್ ಪದವಿಯಲ್ಲಿದ್ದ ಜೋ ಬ್ಯೋಲ್ಕೆ-ಪೀಟರ್ಸನ್ನರ ಆಡಳಿತವು 1977ರ ಸೆಪ್ಟೆಂಬರಿನಲ್ಲಿ ಬೀದಿ ಮೆರವಣಿಗೆಗಳನ್ನೇ ನಿಷೇಧಿಸಿತೆಂಬುದನ್ನು ನೆನೆದರೆ, ಆ ನಗರದ ತರುಣರ ಮನಃಸ್ಥಿತಿಯನ್ನು ಊಹಿಸಬಹುದು. ಗಾಯಕ ಕ್ರಿಸ್ ಬೈಲಿ, ಗಿಟಾರ್ ವಾದಕ ಎಡ್ ಕ್ಯೂಪರ್, ಡ್ರಮ್ ವಾದಕ ಐವರ್ ಹೇ ಮೊದಲಾದವರಿಂದ ಕೂಡಿದ ‘ದ ಸೇಂಟ್ಸ್’ ಮೇಳಕ್ಕೆ ಸಭಾಂಗಣಗಳು ದೊರೆಯದೆ ಹೋದಾಗ, ಅವರು ಪೆಟ್ರಿ ಟೆರೇಸಿನ ತಮ್ಮ ವಾಸದ ಮನೆಯನ್ನೇ ರಂಗಸ್ಥಳವಾಗಿ ಮಾಡಿಕೊಂಡರು. 1976ರ ಜೂನ್ ತಿಂಗಳಲ್ಲಿ ಮಾರ್ಕ್ ಮಾಫಟ್ಟರ ನಿರ್ದೇಶನದಲ್ಲಿ ‘ಸ್ಟ್ರಾಂಡೆಡ್’ ಎಂಬ ಗೀತೆಯನ್ನು ಮುದ್ರಿಸಿ, ಯಾವ ಧ್ವನಿಮುದ್ರಣ ಸಂಸ್ಥೆಯೂ ಕೈಹಿಡಿಯದಿರಲು, ‘ಫೇಟಲ್ ರೆಕಾರ್ಡ್ಸ್’ ಎಂಬ ಸ್ವಂತ ಹೆಸರಿನ ಕೆಳಗೆ ಸೆಪ್ಟೆಂಬರಿನಲ್ಲಿ 500 ಪ್ರತಿಗಳನ್ನು ಅಚ್ಚುಹಾಕಿಸಿದರು. ಲಂಡನ್ನಿನ ಡ್ಯಾಮ್ಡ್ ಮೇಳದ ‘ನ್ಯೂ ರೋಸ್’ ಬೆಳಕು ಕಂಡುದು ಆ ಬಳಿಕ ಅಕ್ಟೋಬರಿನಲ್ಲಿ. ಸೆಕ್ಸ್ ಪಿಸ್ಟಲ್ಸ್ ಮೇಳದ ಮೊದಲ ತಟ್ಟೆ ನವೆಂಬರಿನಲ್ಲಿ. ಪಂಕ್ ಸಂಗೀತವು ಇಂಗ್ಲೆಂಡಿನಿಂದ ವಸಾಹತುಗಳಿಗೆ ಹರಿದು ಬಂದಿತೆಂಬ ಪ್ರಚಲಿತ ನಂಬಿಕೆಯನ್ನು ಈ ಒಂದು ತಟ್ಟೆಯ ತಾರೀಖೇ ನಿರಾಕರಿಸುತ್ತದೆ.

ಸ್ವದೇಶದಲ್ಲಿ ಹೆಚ್ಚಿನ ಆದರ ಪಡೆಯದ ಈ ತಟ್ಟೆ ಅಂಚೆಯ ಮೂಲಕ ಲಂಡನ್ನಿಗೆ ತಲುಪಿದಾಗ, ‘ಸೌಂಡ್ಸ್’ ಪತ್ರಿಕೆಯು ಅದನ್ನು ಆ ವಾರಕ್ಕಷ್ಟೇ ಅಲ್ಲದೆ ಎಲ್ಲ ವಾರಗಳಿಗೂ ಶ್ರೇಷ್ಠವಾದುದೆಂದು ಕೊಂಡಾಡಿತು; ಇಎಂಐ ಸಂಸ್ಥೆಯ ಲಂಡನ್ ಕಚೇರಿಯಿಂದ ಸಿಡ್ನಿಯ ಕಚೇರಿಗೆ ಸೂಚನೆ ಬಂದು, ಮೇಳಕ್ಕೆ ಒಪ್ಪಂದ ದೊರೆಯಿತು. ತದನಂತರ ಅದೇ ಗೀತೆ ಇಂಗ್ಲೆಂಡಿನಲ್ಲಿ ಪವರ್ ಎಕ್ಸ್‌ಚೇಂಜ್ ಸಂಸ್ಥೆಯಿಂದಲೂ ಇಎಂಐ ಹೆಸರಿನಲ್ಲಿಯೂ ಪ್ರಕಟವಾಯಿತು. ಕಿವಿಗೆ ಕೇಳುವುದು ಅದೇ ಗೀತೆಯಾಗಿರುವಾಗ ಫೇಟಲ್ ಅಚ್ಚಿಗಾಗಿಯೇ ಸಂಗ್ರಾಹಕರು ಹಂಬಲಿಸುವುದೇಕೆಂಬ ಪ್ರಶ್ನೆ ಸಹಜವಾದುದು. ನನ್ನ ಅಭಿಪ್ರಾಯದಲ್ಲಿ ಅವರು ಹಂಬಲಿಸುವುದು ಧ್ವನಿಗಾಗಿ ಅಲ್ಲ, ದಾಖಲೆಗಾಗಿ. ಒಪ್ಪಂದಕ್ಕೂ ಕೀರ್ತಿಗೂ ಮುನ್ನ, ಯಾರೂ ಕೇಳದಿದ್ದ ಕಾಲದಲ್ಲಿ ಮಾಡಿದ ಆ ಸಾಹಸದ ಏಕೈಕ ಸ್ಪರ್ಶಯೋಗ್ಯ ಅವಶೇಷ ಅದು.

ಸಿಡ್ನಿಯ ‘ರೇಡಿಯೋ ಬರ್ಡ್‌ಮನ್’ ಮೇಳದ ಸ್ಥಿತಿ ತುಸು ಭಿನ್ನ. ಅಮೆರಿಕದ ಆನ್ ಆರ್ಬರಿನಿಂದ ಬಂದು ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದ ಡೆನಿಜ್ ಟೆಕ್, ಗಾಯಕ ರಾಬ್ ಯಂಗರ್ ಮುಂತಾದವರ ಈ ಮೇಳಕ್ಕೆ ಟ್ರಫಾಲ್ಗರ್ ಎಂಬ ಸ್ಟುಡಿಯೋದ ಆಶ್ರಯವಿದ್ದಿತು. 1976ರ ‘ಬರ್ನ್ ಮೈ ಐ’ ಎಂಬ ನಾಲ್ಕು ಗೀತೆಗಳ ತಟ್ಟೆಯೂ 1977ರ ‘ರೇಡಿಯೋಸ್ ಅಪಿಯರ್’ ಆಲ್ಬಮೂ ಆ ಹೆಸರಿನಲ್ಲಿಯೇ ಬಂದುವು. ಆಲ್ಬಮನ್ನು 1978ರಲ್ಲಿ ಅಮೆರಿಕದ ಸೈರ್ ಸಂಸ್ಥೆ ಪುನಃ ಪ್ರಕಟಿಸುವಾಗ ಗೀತೆಗಳ ಆಯ್ಕೆಯನ್ನೂ ಮುದ್ರಣವನ್ನೂ ಮಾರ್ಪಡಿಸಿದುದರಿಂದ, ಒಂದೇ ಶೀರ್ಷಿಕೆಯ ಎರಡು ಪಾಠಗಳು ಉಳಿದುವು. ಪ್ರಾಚೀನ ಕಾವ್ಯದ ಓಲೆಪ್ರತಿಗಳನ್ನು ಹೋಲಿಸಿ ಪಾಠಾಂತರ ಗುರುತಿಸುವ ಸಂಪಾದಕನ ಶ್ರಮವೇ ಇಲ್ಲಿ ಸಂಗ್ರಾಹಕನ ಶ್ರಮವೂ ಆಗಿದೆ.

ಸಿಡ್ನಿಯಿಂದ 3,000 ಕಿಲೋಮೀಟರಿಗೂ ದೂರದ ಪರ್ತ್ ನಗರದಲ್ಲಿ ಡೇವ್ ಫಾಕ್ನರ್, ಜೇಮ್ಸ್ ಬೇಕರ್ ಮೊದಲಾದವರ ‘ದ ವಿಕ್ಟಿಮ್ಸ್’ ಮೇಳವು 1978ರಲ್ಲಿ ‘ಟೆಲಿವಿಷನ್ ಅಡಿಕ್ಟ್’ ಎಂಬ ತಟ್ಟೆಯನ್ನು ತಾನೇ ಹೊರತಂದಿತು. ಬ್ರಿಸ್ಬೇನಿನ ‘ಫನ್ ಥಿಂಗ್ಸ್’ 1980ರಲ್ಲಿ ತನ್ನ ಏಕೈಕ ತಟ್ಟೆಯನ್ನು 500 ಪ್ರತಿಗಳಲ್ಲಿ ಅಚ್ಚುಹಾಕಿಸಿ ಅನತಿಕಾಲದಲ್ಲಿಯೇ ಚದುರಿಹೋಯಿತು. ಅದರ ಬ್ರಾಡ್ ಶೆಪರ್ಡರೂ ವಿಕ್ಟಿಮ್ಸ್ ಮೇಳದ ಫಾಕ್ನರರೂ ಮುಂದೆ ‘ಹೂಡೂ ಗುರೂಸ್’ ಮೇಳದಲ್ಲಿ ಒಂದುಗೂಡಿ ಪ್ರಸಿದ್ಧರಾದುದು ಈ ಎರಡು ತಟ್ಟೆಗಳ ಅಪೇಕ್ಷೆಯನ್ನು ಇಮ್ಮಡಿಸಿತು.

ಇಷ್ಟು ಅಲ್ಪಸಂಖ್ಯೆಯ ವಸ್ತುವಿಗೆ ಬೆಲೆ ಬಂದೊಡನೆ ನಕಲುಗಳೂ ಹುಟ್ಟುವುವು. ಆಗ ಪರೀಕ್ಷಕನಿಗೆ ಆಧಾರವಾಗುವುದು ಕೊನೆಯ ಗೀರಿಗೂ ನಡುವಿನ ಚೀಟಿಗೂ ಮಧ್ಯದ ನುಣುಪಾದ ವಲಯದಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆ. ಮೊದಲು ಲ್ಯಾಕರ್ ಫಲಕದ ಮೇಲೆ ಗೀರು ಕೊರೆದು, ಅದರಿಂದ ಲೋಹದ ಪಡಿಯಚ್ಚು ತೆಗೆದು, ಆ ಅಚ್ಚಿನಿಂದ ಬಿಸಿ ವಿನೈಲನ್ನು ಒತ್ತುವ ಪದ್ಧತಿಯಾದುದರಿಂದ, ಫಲಕದಲ್ಲಿ ಕೈಯಿಂದ ಬರೆದ ಅಕ್ಷರವು ಪ್ರತಿಯೊಂದು ತಟ್ಟೆಗೂ ಇಳಿಯುತ್ತದೆ. ಚೀಟಿಯನ್ನು ಅನುಕರಿಸಬಲ್ಲವನು ಆ ಕೈಬರಹವನ್ನು ಯಥಾವತ್ತಾಗಿ ಅನುಕರಿಸುವುದು ದುಸ್ಸಾಧ್ಯ. ಹೊದಿಕೆಯೂ ಸಾಕ್ಷಿ ನುಡಿಯುತ್ತದೆ. ಸಿಡ್ನಿಯ ‘ಸೈಕೋ ಸರ್ಜನ್ಸ್’ ಮೇಳದವರು 1978ರ ತಮ್ಮ ‘ಹಾರಿಜಾಂಟಲ್ ಆ್ಯಕ್ಷನ್’ ತಟ್ಟೆಯ ಹೊದಿಕೆಗಳಿಗೆ ಪ್ರಾಣಿಯ ರಕ್ತವನ್ನೇ ಬಳಿದರು. ಅನ್ಯತ್ರ ದೋಷವೆನಿಸುವ ಕಲೆ ಇಲ್ಲಿ ಪ್ರಮಾಣಮುದ್ರೆಯಾಗಿದೆ.

ಈ ತಟ್ಟೆಗಳನ್ನು ಮೊದಲು ಕಾಪಾಡಿದವರು ಖಾಸಗಿ ಸಂಗ್ರಾಹಕರೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಅವರ ಕಪಾಟುಗಳಿಂದಲೇ ‘ಮರ್ಡರ್ ಪಂಕ್’ ಮುಂತಾದ ಅನಧಿಕೃತ ಸಂಕಲನಗಳು ಹೊರಟುವು. ಮೇಳಗಳ ಅನುಮತಿಯಿಲ್ಲದೆ ನಡೆದ ಈ ಕಾರ್ಯವನ್ನು ನ್ಯಾಯವೆನ್ನಲಾರೆನಾದರೂ, ಮರೆತುಹೋದ ಗೀತೆಗಳು ಹೊಸ ಪೀಳಿಗೆಯ ಕಿವಿಗೆ ಬಿದ್ದುದು ಅವುಗಳಿಂದಲೇ. 2002ರ ‘ಡು ದ ಪಾಪ್’ ಎಂಬ ಅಧಿಕೃತ ಸಂಕಲನವು ಆ ನೆಲೆಯ ಮೇಲೆಯೇ ನಿಂತಿತು. ಕ್ಯಾನ್‌ಬೆರದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರವು 2007ರಲ್ಲಿ ತನ್ನ ‘ಸೌಂಡ್ಸ್ ಆಫ್ ಆಸ್ಟ್ರೇಲಿಯ’ ಪಟ್ಟಿಯನ್ನು ಆರಂಭಿಸಿದಾಗ, ಮೊದಲ ವರ್ಷದಲ್ಲಿಯೇ ‘ಸ್ಟ್ರಾಂಡೆಡ್’ ಗೀತೆಗೆ ಸ್ಥಾನ ದೊರೆಯಿತು; ಅಷ್ಟು ಹೊತ್ತಿಗೆ ಆ 500 ತಟ್ಟೆಗಳು ಅಚ್ಚಾಗಿ 31 ವರ್ಷಗಳು ಸಂದಿದ್ದುವು.